ಕಾಡತೂಸಿನ ಲೆಕ್ಕ

ಕೋಟುಮಚಗಿಯ ಒಂದು ಕಟ್ಟೆಯ ಮೇಲೆ ಮೊನ್ನೆ ನಾವು ಕುಳಿತಿದ್ದಾಗ, ಪಲ್ಟಣದಿಂದ ನಿವೃತ್ತರಾಗಿ ಈಗ ಗದಗಿನಲ್ಲಿ ಕಾವಲು ಕೆಲಸ ಮಾಡುವ ಹಿರಿಯರೊಬ್ಬರು ಕೇಳಿದರು: “ಅಲ್ರೀ ಮಾಸ್ತರ, ಪಲ್ಟಣದಾಗ ಹಿಡದ ಬಂದೂಕ ಊರಾಗ ಯಾಕ ಹಿಡೀಬಾರದು? ಇಲ್ಲಿ ಬ್ಯಾರೆ ಬಂದೂಕ, ಬ್ಯಾರೆ ಕಾಡತೂಸ ಯಾಕ?” ಪ್ರಶ್ನೆ ಚಿಕ್ಕದು. ಉತ್ತರಕ್ಕೆ ಬಹಳ ಹಿಂದೆ ಹೋಗಬೇಕು.

ಪರವಾನಿಗೆ ಪಡೆದ ನಾಗರಿಕರಿಗೆ ನಮ್ಮ ದೇಶದಲ್ಲಿ ದೊರೆಯುವ ಹೆಸರಾದ ರೈಫಲೆಂದರೆ ಬಂಗಾಲದ ಇಶಾಪುರ ಕಾರಖಾನೆಯ .315. ಅದರ ಬೋಲ್ಟು, ಕಟ್ಟು ಎಲ್ಲ ಬ್ರಿಟಿಷ್ ಸೈನ್ಯದ .303 ಲೀ-ಎನ್‌ಫೀಲ್ಡಿನ ಪಡಿಯಚ್ಚು. ಹತ್ತು ಗುಂಡು ಹಿಡಿಯುತ್ತಿದ್ದಲ್ಲಿ ಐದು ಹಿಡಿಯುತ್ತದೆ, ನಳಿಗೆ 7.7 ಮಿಲಿಮೀಟರಿನ ಬದಲು 8. ಸೈನ್ಯದ ಕಾಡತೂಸು ಇದರಲ್ಲಿ ಕೂಡುವುದಿಲ್ಲ. ಒಂದು ಯಂತ್ರದ ಬಾಬಿನ್ನು ಇನ್ನೊಂದಕ್ಕೆ ಕೂಡದಿದ್ದರೆ ಏನಾಗುವುದೆಂದು ಗಿರಣಿಯ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ. ಇಲ್ಲಿ ಅದು ಕೂಡಬಾರದೆಂದೇ ಅಳತೆ ಬದಲಿಸಿದ್ದಾರೆ. ದಂಡಿನಿಂದ ಕದ್ದ ಗುಂಡು ಜನರ ಕೈಯಲ್ಲಿ ನಿರುಪಯೋಗವಾಗಲಿ ಎಂಬುದು ಬಿಳಿಯರ ಯುಕ್ತಿ. ತಮಾಷೆಯೆಂದರೆ ಆ 8 ಮಿಲಿಮೀಟರಿನ ಕಾಡತೂಸೂ ಆಸ್ಟ್ರಿಯಾದ ಸೈನ್ಯದ್ದೇ!

ಈ ಅಂಜಿಕೆ ಹುಟ್ಟಿದ್ದು 1857ರಲ್ಲಿ. ದಂಗೆಗೆ ಕಿಡಿಯಾದದ್ದೂ ಎನ್‌ಫೀಲ್ಡ್ ರೈಫಲಿನ ಕಾಡತೂಸೇ. ಆಯುಧ ಒಪ್ಪಿಸಿರೆಂಬ ಕಾಯಿದೆ ಬಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ; ಗಲ್ಲಿಗೇರಿದರು. ಮರುವರ್ಷ ನಮ್ಮ ಮುಂಡರಗಿಯ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದರು.

ಬಿಳಿಯರು ಹೋದರು, ಅಳತೆ ಉಳಿಯಿತು. 1959ರ ಆಯುಧ ಕಾಯಿದೆಯ ಕೆಳಗೆ 1962ರಲ್ಲಿ ಬಂದ ನಿಯಮಗಳು ಸೈನ್ಯದ ಕಾಡತೂಸು ಕೂಡುವ ರೈಫಲನ್ನು ಸಾಮಾನ್ಯರಿಗೆ ನಿಷೇಧಿಸಿದವು. ಇದರಲ್ಲಿ ನಮಗೆ ತಕರಾರಿಲ್ಲ. ಕಳುವಿನ ಗುಂಡು ಗೂಂಡಾಗಳ ಪಾಲಾಗಬಾರದು. ಮನೆಗೊಂದು ರೈಫಲು ಬೇಕೆಂದು ನಾವು ಕೇಳುವವರೂ ಅಲ್ಲ.

ಆದರೆ ಸೈನ್ಯ ಕೈಬಿಟ್ಟ .303 ಎಲ್ಲಿಗೆ ಹೋಯಿತು? ಪೋಲೀಸರ ಹೆಗಲಿಗೆ. ಉತ್ತರ ಪ್ರದೇಶದ ಪೋಲೀಸರು ಅದನ್ನು ಇಳಿಸಿದ್ದು 2020ರಲ್ಲಿ. ನೂರಾರು ಗಜದಾಚೆಯ ಶತ್ರುವನ್ನು ಕೊಲ್ಲಲೆಂದು ಮಾಡಿದ ಆಯುಧವನ್ನು ಹಿಡಿದು ಪೇಟೆಯ ಚೌಕದಲ್ಲಿ ನಿಂತರೆ, ಮುಂದೆ ಇರುವವರು ಯಾರು? ಪಗಾರ ಕೇಳುವವರು, ಕಾಳಿನ ಬೆಲೆ ಕೇಳುವವರು. ನಾಗರಿಕನ ಕೈಗೆ ಸಲ್ಲದ ಗುಂಡು ಅವನ ಎದೆಗೆ ಸಲ್ಲುವುದು ಹೇಗೆ? 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಪೋಲೀಸರು ಗೋಲಿಬಾರು ಮಾಡಿದ್ದನ್ನು ಈ ಭಾಗದ ಜನ ಇನ್ನೂ ಮರೆತಿಲ್ಲ.

ವರ್ಷಕ್ಕೆ ಎಷ್ಟು ಕಾಡತೂಸು ಕೊಳ್ಳಬಹುದೆಂದು ನಾಗರಿಕನ ಪರವಾನಿಗೆಯಲ್ಲಿಯೇ ಬರೆದಿರುತ್ತದೆ. ಸರಕಾರವೂ ತನ್ನ ಲೆಕ್ಕವನ್ನು ಜನರ ಮುಂದಿಡಲಿ. ಗೋಲಿಬಾರು ನಡೆದ ಏಳು ದಿನಗಳೊಳಗೆ, ಎಷ್ಟು ಕಾಡತೂಸು ಹಾರಿದವು, ಯಾವ ಅಳತೆಯವು, ಯಾರ ಅಪ್ಪಣೆಯಿಂದ ಎಂಬುದನ್ನು ಆ ಊರಿನ ಪಂಚಾಯಿತಿ ಬಾಗಿಲಿಗೆ ಬರೆದು ಅಂಟಿಸಬೇಕು.