ಆಮೆ ಕೂಗುವುದಿಲ್ಲ

ಬೆಂಗಳೂರಿನಲ್ಲಿರುವ ನಮ್ಮ ನೆಂಟರ ಮನೆಯ ಬಚ್ಚಲ ಪಕ್ಕದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಟಬ್ಬಿತ್ತು. ಒಳಗೆ ಒದ್ದೆ ಪೇಪರಿನ ಮೇಲೆ ಅಂಗೈಯಗಲದ ನಕ್ಷತ್ರ ಆಮೆ. ಅದರ ಮುಂದೆ ಒಂದು ಹಿಡಿ ಅನ್ನ, ಎಲೆಕೋಸಿನ ಚೂರು. ಮನೆಗೆ ಒಳ್ಳೆಯದಾಗುತ್ತದೆ ಎಂದು ಯಾರೋ ತಂದುಕೊಟ್ಟಿದ್ದರಂತೆ. ಎತ್ತಿ ನೋಡಿದೆ. ಚಿಪ್ಪು ಒತ್ತಿದರೆ ಬಗ್ಗುವಷ್ಟು ಮೆತ್ತಗಾಗಿತ್ತು, ರೆಪ್ಪೆ ಊದಿ ಕಣ್ಣು ಮುಚ್ಚಿಕೊಂಡಿತ್ತು. ಆ ಮನೆಯ ಮಗು ಹೆಮ್ಮೆಯಿಂದ ಹೇಳಿತು: "ಎಷ್ಟು ಸಾಧು ಗೊತ್ತಾ ದೊಡ್ಡಮ್ಮ, ಒಂದು ದಿನಾನೂ ಗಲಾಟೆ ಮಾಡಿಲ್ಲ."

ನಾನು ಏನೂ ಹೇಳಲಿಲ್ಲ. ಹಬ್ಬದ ಮನೆಯಲ್ಲಿ ಮಾತು ಕೆಡಿಸುವುದೇಕೆ ಎಂದುಕೊಂಡು, ಆಮೆಯನ್ನು ಟಬ್ಬಿಗಿಳಿಸಿ ಕೈ ತೊಳೆದುಕೊಂಡೆ. ಆ ತಪ್ಪಿನ ಭಾರವೇ ಇವತ್ತು ಈ ಮಾತು ಬರೆಸುತ್ತಿದೆ.

ದೊಡ್ಡಆಲಹಳ್ಳಿ ಸುತ್ತಿನ ಹಳ್ಳಿಗಳ ನಾವು ಪ್ರಾಣಿ ಸಾಕಿ ಬದುಕಿದವರು. ಹಸು ಹಸಿದರೆ ಅಂಬಾ ಅನ್ನುತ್ತದೆ, ಕುರಿಮರಿ ತಾಯಿ ಕಾಣದಿದ್ದರೆ ಕೊಟ್ಟಿಗೆಯೇ ಎದ್ದುಹೋಗುವಂತೆ ಅರಚುತ್ತದೆ. ರೇಷ್ಮೆಹುಳು ಮಾತ್ರ ಏನೂ ಹೇಳುವುದಿಲ್ಲ. ಆದರೂ ಅದು ಸೊಪ್ಪು ಬಿಟ್ಟು ತಲೆ ಎತ್ತಿ ಕೂತರೆ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಿದೆ ಎಂದು ನಮ್ಮ ಹೆಣ್ಣುಮಕ್ಕಳಿಗೆ ತಿಳಿಯುತ್ತದೆ, ಮೈ ತಿಳಿಯಾದರೆ ಹಣ್ಣಾಯಿತೆಂದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಾರೆ. ಆ ಹುಳುವಿನ ಕೊನೆ ಬಿಸಿನೀರಿನಲ್ಲೇ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಬದುಕಿರುವಷ್ಟು ದಿನ ಅದಕ್ಕೆ ಏನು ಬೇಕೆಂಬುದು ನಮಗೆ ತಲೆಮಾರುಗಳಿಂದ ಗೊತ್ತು. ಆಮೆಯ ವಿಷಯದಲ್ಲಿ, ಹಾವಿನ ವಿಷಯದಲ್ಲಿ ನಮಗೆ ಗೊತ್ತಿರುವುದೇನು?

ಅವುಗಳ ಮೈ ತಾನಾಗಿ ಬಿಸಿಯಾಗುವುದಿಲ್ಲ. ಬಿಸಿಲಿಗೆ ಬಂದು ಕಾಯಬೇಕು, ಕಾದ ಮೇಲೆ ನೆರಳಿಗೆ ಸರಿಯಬೇಕು. ಆ ಶಾಖವಿದ್ದರೆ ಮಾತ್ರ ತಿಂದದ್ದು ಅರಗುತ್ತದೆ. ಬಿಸಿಲಿನ ನೇರಳಾತೀತ ಕಿರಣದಿಂದ ಆಮೆಯ ಮೈಯಲ್ಲಿ ಡಿ ಜೀವಸತ್ವ ಹುಟ್ಟುತ್ತದೆ. ಅದಿಲ್ಲದಿದ್ದರೆ ತಿಂದ ಸುಣ್ಣದಂಶ ಮೂಳೆಗೂ ಚಿಪ್ಪಿಗೂ ಸೇರುವುದಿಲ್ಲ. ಕಿಟಕಿಯ ಗಾಜಿನ ಹಿಂದಿನ ಬೆಳಕು ಈ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಗಾಜು ಆ ಕಿರಣವನ್ನೇ ತಡೆಯುತ್ತದೆ. ಹುಲ್ಲು, ಸೊಪ್ಪು, ಹೂವು, ಉದುರಿದ ಹಣ್ಣು ತಿನ್ನುವ ಜೀವಕ್ಕೆ ಅನ್ನ ಹಾಕಿದರೆ ಅದು ಆಹಾರವಲ್ಲ. ಇಷ್ಟಾದರೂ ಆಮೆ ತಕ್ಷಣ ಸಾಯುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸಾಯುತ್ತಾ ಇರುತ್ತದೆ. ನಾವು ಅದನ್ನು ಸಾಧು ಸ್ವಭಾವ ಅನ್ನುತ್ತೇವೆ.

ಈ ಆಮೆ ಟಬ್ಬಿಗೆ ಬರುವುದು ನಮ್ಮಂಥ ಊರುಗಳ ಹೊಲ, ಕುರುಚಲು ಕಾಡಿನಿಂದಲೇ. ಆಂಧ್ರ ಮತ್ತು ಕರ್ನಾಟಕದ ಗಡಿಭಾಗದ ಒಂದೇ ಮಾರಾಟ ಜಾಲದಲ್ಲಿ ಒಂದು ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಕಾಡಿನಿಂದ ಎತ್ತಲಾಗಿತ್ತೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹೀಗೆ ಕಳ್ಳಸಾಗಣೆಯಾಗಿ ಸಿಂಗಪುರದಲ್ಲಿ ಸಿಕ್ಕಿದ 51 ಆಮೆಗಳು 2018ರಲ್ಲಿ ವಿಮಾನದಲ್ಲಿ ಕರ್ನಾಟಕಕ್ಕೆ ಮರಳಿದವು. ಕಡಲಾಚೆಯ ಜನ ನಮ್ಮ ಮಣ್ಣಿನ ಜೀವವನ್ನು ಜೋಪಾನ ಮಾಡಿ ಕಳಿಸಿಕೊಟ್ಟರು. ಹೊಲದ ಬದುವಿನಲ್ಲಿ ಸಿಕ್ಕಿದ್ದನ್ನು ನಾವು ಚೀಲಕ್ಕೆ ಹಾಕಿ ಮಾರಿಕೊಳ್ಳುವುದೇ?

ಎರಡು ತಲೆ ಹಾವಿನ ಕಥೆ ಇನ್ನೂ ಕ್ರೂರ. ಅದಕ್ಕೆ ಎರಡು ತಲೆ ಇಲ್ಲ. ಶತ್ರು ಬಂದಾಗ ತಲೆ ಅಡಗಿಸಿ ತೋರಿಸಲೆಂದು ಪ್ರಕೃತಿ ಅದಕ್ಕೆ ಮೊಂಡು ಬಾಲ ಕೊಟ್ಟಿದೆ, ಅಷ್ಟೆ. ವಿಷವೂ ಇಲ್ಲ. ರಾಗಿ ಕಣದ ಇಲಿ ತಿಂದು ರೈತನಿಗೆ ನೆರವಾಗುವ ಬಡಪಾಯಿ ಅದು. ಮನೆಯಲ್ಲಿಟ್ಟರೆ ನಿಧಿ ಸಿಗುತ್ತದೆ, ತೂಕ ಹೆಚ್ಚಿದಷ್ಟೂ ಲಕ್ಷಗಳು ಬರುತ್ತವೆ ಎಂಬ ಸುಳ್ಳನ್ನು ನಂಬಿ ಹಳ್ಳಿಯ ಹುಡುಗರು ಜೈಲು ಸೇರಿದ್ದಾರೆ. ಆ ಹಾವಿನಿಂದ ಸಿರಿವಂತನಾದ ಒಬ್ಬನನ್ನೂ ನಾನು ಕಾಣೆ.

ಪೇಟೆಯ ಮಾರಾಟದ್ದು ಇನ್ನೊಂದು ಬಗೆ. ಅಕ್ವೇರಿಯಂ ಅಂಗಡಿಯಲ್ಲಿ ನಾಣ್ಯದಷ್ಟೇ ಇರುವ ಹಸಿರು ಆಮೆಮರಿಯನ್ನು ಮಕ್ಕಳ ಆಸೆಗೆ ಕೊಳ್ಳುತ್ತೇವೆ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಅದು ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆಯದು. ಊಟದ ತಟ್ಟೆಯಷ್ಟು ಬೆಳೆದು, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಗಾಜಿನ ಪೆಟ್ಟಿಗೆ ಸಾಲದಾದಾಗ ಕೆರೆಗೆ ಬಿಟ್ಟು ಪುಣ್ಯ ಮಾಡಿದೆವು ಅನ್ನುತ್ತೇವೆ. ಅದು ಅಲ್ಲಿನ ಊರ ಆಮೆಗಳ ಮೇವು, ಬಿಸಿಲು ಕಾಯುವ ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ. ಜಗತ್ತಿಗೆ ಅತಿ ಹೆಚ್ಚು ಹಾನಿ ಮಾಡುವ 100 ಅನ್ಯಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ತಪ್ಪು ಆಮೆಯದಲ್ಲ, ತಂದು ಬಿಟ್ಟವರದು.

ಕಾನೂನು ಸ್ಪಷ್ಟವಾಗಿದೆ. 2022ರ ತಿದ್ದುಪಡಿಯಾದ ಮೇಲೆ ನಕ್ಷತ್ರ ಆಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹಿಡಿದರೂ ಮಾರಿದರೂ ಮನೆಯಲ್ಲಿಟ್ಟುಕೊಂಡರೂ 3ರಿಂದ 7 ವರ್ಷ ಸೆರೆ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬಾಲ್ ಪೈಥಾನ್, ಇಗುವಾನದಂಥ ಹೊರದೇಶದ ಜೀವಿಗಳನ್ನು ಸಾಕಿರುವವರು 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಆದರೆ ದಂಡದ ಹೆದರಿಕೆಗೆ ಬಿಡುವುದು ಬೇರೆ, ಮನಸ್ಸು ಒಪ್ಪದೆ ಬಿಡುವುದು ಬೇರೆ. ನಾನು ಕೇಳುತ್ತಿರುವುದು ಎರಡನೆಯದನ್ನು.

ನಮ್ಮ ಸುತ್ತಿನ ಅಣ್ಣತಮ್ಮಂದಿರೇ, ಹೊಲ ಉಳುವಾಗ ಆಮೆ ಸಿಕ್ಕರೆ ಬದುವಿನಾಚೆ ಇಟ್ಟು ಮುಂದೆ ಸಾಗಿ. ಹುಣಸೆ, ಜಾಲಿ, ಬಂಡೆಯ ಈ ಒಣಕಾಡು ಅದರ ತವರು. ಹುಡುಗರೇ, ಹಾವಿನ ತೂಕ ಕೇಳಿಕೊಂಡು ಫೋನ್ ಬಂದರೆ ಆ ನಂಬರನ್ನು ಅರಣ್ಯ ಇಲಾಖೆಗೆ ಕೊಡಿ. ಬೆಂಗಳೂರು ಸೇರಿದ ಅಕ್ಕಂದಿರೇ, ಮನೆಯಲ್ಲಿ ಇಂಥ ಆಮೆಯಿದ್ದರೆ ಹೆದರಿ ಕೆರೆಗೋ ಕಾಡಿಗೋ ಬಿಡಬೇಡಿ. ನೆಲದ ಮೇಲಿನ ಆಮೆ ಕೆರೆಯಲ್ಲಿ ಮುಳುಗಿ ಸಾಯುತ್ತದೆ, ಟಬ್ಬಿನಲ್ಲಿ ಹತ್ತಿದ ರೋಗ ಕಾಡಿನ ಆಮೆಗಳಿಗೂ ಹರಡುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲಾಖೆಯವರ ಕೈಗೆ ಒಪ್ಪಿಸಿ. ಮೇಷ್ಟ್ರುಗಳೇ, ಆಮೆಯನ್ನು ಟಬ್ಬಿನಲ್ಲಿ ತೋರಿಸಬೇಡಿ, ಮೊದಲ ಮಳೆ ಬಿದ್ದ ಮೇಲೆ ಮಕ್ಕಳನ್ನು ಕಾಡಂಚಿಗೆ ಕರೆದುಕೊಂಡು ಹೋಗಿ ಕಾಯಿರಿ. ಸಿಗದಿದ್ದರೂ ಕಾಯುವುದನ್ನು ಕಲಿಯುತ್ತಾರೆ.

ಮುಂದಿನ ಯುಗಾದಿಗೆ ಆ ಮನೆಗೆ ಮತ್ತೆ ಹೋದೆ. ನೀಲಿ ಟಬ್ಬಿನಲ್ಲಿ ಬಟ್ಟೆ ನೆನೆಹಾಕಿದ್ದರು. ಆಮೆ ಎಲ್ಲಿ ಎಂದು ಕೇಳಿದ್ದಕ್ಕೆ ಮಗು ತಲೆ ತಗ್ಗಿಸಿ ಹೇಳಿತು: "ನಿದ್ದೆ ಮಾಡ್ತಾ ಇದೆ ಅಂದುಕೊಂಡಿದ್ವಿ ದೊಡ್ಡಮ್ಮ. ಮೂರು ದಿನ ಆದಮೇಲೆ ಗೊತ್ತಾಯ್ತು."

ಅದು ಸತ್ತದ್ದೂ ತಿಳಿಯದಷ್ಟು ಮೌನವಾಗಿ ಬದುಕಿತ್ತು. ಕೂಗಲು ಅದಕ್ಕೆ ದನಿಯಿರಲಿಲ್ಲ. ನನಗಿತ್ತು, ನಾನು ಕೂಗಲಿಲ್ಲ. ಇನ್ನೊಂದು ಮನೆಯ ಟಬ್ಬಿನ ಮುಂದೆ ನೀವು ನಿಂತಾಗ, ಹಬ್ಬದ ಮನೆಯಾದರೂ ಸರಿ, ನಿಷ್ಠುರವಾದರೂ ಸರಿ, ಸುಮ್ಮನಿರಬೇಡಿ.