ತಂಪಿಗೆಷ್ಟು, ನೆನಪಿಗೆಷ್ಟು?

ಎರಡು ವರ್ಷದ ಹಿಂದೆ, ಜುಲೈ ತಿಂಗಳ ಜೋರು ಮಳೆಯಲ್ಲಿ, ಕುದ್ರೋಳಿಯ ನಮ್ಮ ಮನೆಯ ಹಳೆಯ ಕಂಪ್ಯೂಟರ್ ‘ಟಿಕ್ ಟಿಕ್’ ಎಂದು ಸದ್ದು ಮಾಡಿ ನಿಂತುಹೋಯಿತು. ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಅದರಲ್ಲಿ ಅಬ್ಬು ಅವರ ಅಂಗಡಿಯ ಲೆಕ್ಕವಿತ್ತು. ಬಿಲ್ ಬುಕ್ ಮುಂದಿಟ್ಟುಕೊಂಡು ಹದಿನೈದು ದಿನ ಕೂತು ಅದನ್ನು ಮತ್ತೆ ಬರೆದೆವು. ಆದರೆ ತೀರಿಹೋದ ದಾದಾ ಉರ್ದುವಿನಲ್ಲಿ ಹೇಳಿದ್ದ ಕಥೆಗಳ ರೆಕಾರ್ಡಿಂಗ್ ಕೂಡ ಅದರಲ್ಲೇ ಇತ್ತು. ಅದಕ್ಕೆ ಯಾವ ಬಿಲ್ ಬುಕ್ಕೂ ಇರಲಿಲ್ಲ.

ಈ ಏಪ್ರಿಲ್ ರಜೆಯಲ್ಲಿ ಬಿಡಿಭಾಗಗಳನ್ನು ಆರಿಸಿ ನಾನೇ ಒಂದು ಕಂಪ್ಯೂಟರ್ ಜೋಡಿಸಿದೆ. ಕೂಡಿಟ್ಟ ಈದಿ, ಅಂಗಡಿಯಲ್ಲಿ ಕೂತದ್ದಕ್ಕೆ ಸಿಕ್ಕಿದ್ದು, ಅಬ್ಬು ಕೊಟ್ಟದ್ದು ಎಲ್ಲ ಸೇರಿ ಕೈಯಲ್ಲಿದ್ದದ್ದು 40,000 ರೂಪಾಯಿ. “ಲಿಕ್ವಿಡ್ ಕೂಲರ್ ಹಾಕು ಮಾರಾಯ, ಲೈಟ್ ಎಷ್ಟು ಚಂದ ಉಂಟು!” ಎಂದರು ಗೆಳೆಯರು. ಅದರ ಬೆಲೆ 8,000. ಅಂದರೆ ನನ್ನ ಹಣದಲ್ಲಿ ಐದರಲ್ಲಿ ಒಂದು ಪಾಲು. ಅಬ್ಬು ಒಂದೇ ಮಾತು ಹೇಳಿದರು: “ಫುಜೂಲ್ ಖರ್ಚಿ.” ಲೆಕ್ಕ ಹಾಕಿ ನೋಡಿದ ಮೇಲೆ ನನಗೂ ಹಾಗೆಯೇ ಅನ್ನಿಸಿತು.

ನಾನು ಆರಿಸಿದ ಪ್ರೊಸೆಸರ್ ಎಎಂಡಿ ರೈಝನ್ 5 5600ಜಿ. ಅದು 65 ವ್ಯಾಟ್‌ನದು. ಡಬ್ಬದಲ್ಲೇ ಕೂಲರ್ ಬರುತ್ತದೆ. ಲಿಕ್ವಿಡ್ ಕೂಲರ್ ಎಂದರೆ ಫ್ರಿಜ್ ಅಲ್ಲ. ನೀರು ಬಿಸಿಯನ್ನು ರೇಡಿಯೇಟರಿಗೆ ಒಯ್ಯುತ್ತದೆ, ಅಲ್ಲಿ ಫ್ಯಾನ್ ಬೀಸುವುದು ಅದೇ ಕೋಣೆಯ ಗಾಳಿಯನ್ನು. ಕೋಣೆಯಲ್ಲಿ 34 ಡಿಗ್ರಿ ಇದ್ದರೆ ಯಾವ ಕೂಲರೂ ಅದಕ್ಕಿಂತ ಕೆಳಗೆ ಇಳಿಸಲಾರದು. 65 ವ್ಯಾಟ್‌ಗೆ ಲಿಕ್ವಿಡ್ ಕೂಲರ್ ಹಾಕುವುದು, ಇಬ್ಬರ ಚಹಾಕ್ಕೆ ಮದುವೆ ಮನೆಯ ಬಿರಿಯಾನಿ ದೇಗ್ ಒಲೆಗಿಟ್ಟ ಹಾಗೆ. ಅದರ ಪಂಪ್ ಕೆಟ್ಟರೆ ಸಾಮಾನ್ಯವಾಗಿ ಇಡೀ ಕೂಲರನ್ನೇ ಬದಲಿಸಬೇಕು. ಗಾಳಿಯ ಕೂಲರಿನಲ್ಲಿ ಫ್ಯಾನ್ ಕೆಟ್ಟರೆ ಫ್ಯಾನ್ ಒಂದನ್ನು ಬದಲಿಸಿದರೆ ಸಾಕು.

ನಮ್ಮ ಮಂಗಳೂರಿನ ನಿಜವಾದ ಶತ್ರು ತೇವ, ಉಪ್ಪುಗಾಳಿ ಮತ್ತು ಧೂಳು. ತೇವಕ್ಕೆ ಧೂಳು ಅಂಟಿಕೊಂಡು ಕೂಲರಿನ ಸಂದುಗಳನ್ನು ಮುಚ್ಚುತ್ತದೆ. ಹಾಗಾಗಿ ಮುಂದೆ ಜಾಲರಿ ಇರುವ ಕೇಸ್ ತೆಗೆದುಕೊಂಡೆ. ಎರಡು ಫ್ಯಾನ್ ಹಾಕಿದೆ: ಮುಂದಿನದು ಗಾಳಿ ಎಳೆಯುತ್ತದೆ, ಹಿಂದಿನದು ಹೊರಹಾಕುತ್ತದೆ. ಕೇಸನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಬ್ರಷ್‌ನಿಂದ ಧೂಳು ತೆಗೆಯುತ್ತೇನೆ. ಮೇ ತಿಂಗಳ ಮಧ್ಯಾಹ್ನ ವಿಡಿಯೊ ಎಡಿಟ್ ಮಾಡುವಾಗ ಪ್ರೊಸೆಸರ್ 80 ಡಿಗ್ರಿ ಮುಟ್ಟಿತು. ಅದರ ಮಿತಿ 95.

ಇನ್ನು ಸ್ಟೋರೇಜ್. ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ 550ರವರೆಗೆ, ಜೆನ್ 3 ಎನ್‌ವಿಎಂಇ 3,500ರವರೆಗೆ ಓದುತ್ತದೆ. ಜೆನ್ 4ರ ಡಬ್ಬದ ಮೇಲೆ 7,000 ಎಂದು ಬರೆದಿರುತ್ತದೆ. ಆದರೆ 5600ಜಿ ಪ್ರೊಸೆಸರಿಗೆ ಗೊತ್ತಿರುವುದು ಜೆನ್ 3 ಮಾತ್ರ. ಉಳಿದ ವೇಗಕ್ಕೆ ಕೊಟ್ಟ ಹಣ ದಂಡ. ಅದಕ್ಕೇ 500 ಜಿಬಿಯ ಜೆನ್ 4 ಬಿಟ್ಟು 1 ಟಿಬಿಯ ಜೆನ್ 3 ಆರಿಸಿದೆ. ಇನ್ನೊಂದು ಎಚ್ಚರ: ಎಂ.2 ಆಕಾರದಲ್ಲಿ ಸಾಟಾ ಕೂಡ ಬರುತ್ತದೆ, ಎನ್‌ವಿಎಂಇ ಕೂಡ ಬರುತ್ತದೆ. ಆಕಾರ ನೋಡಿ ಕೊಳ್ಳಬೇಡಿ, ಕೇಳಿ ಕೊಳ್ಳಿ.

ಉಳಿದ 8,000 ಹೀಗೆ ಖರ್ಚಾಯಿತು: ಎರಡು ಫ್ಯಾನಿಗೆ 900, ಯುಪಿಎಸ್‌ಗೆ 2,600, ಬ್ಯಾಕಪ್ಪಿಗಾಗಿ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ 4,500. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಫೈಲ್ ಬರೆಯುವ ಹೊತ್ತಿಗೇ ಹೋದರೆ ಅದು ಹಾಳಾಗಬಹುದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ನಿಜ. ಆದರೆ ಕೆಡುವ ಮೊದಲು ‘ಟಿಕ್ ಟಿಕ್’ ಎನ್ನುವುದೂ ಇಲ್ಲ. ಆದ್ದರಿಂದ ಎರಡನೇ ಪ್ರತಿ ಬೇಕೇ ಬೇಕು.

ದೊಡ್ಡ ಪ್ರೊಸೆಸರ್ ಹಾಕಿ ದಿನವಿಡೀ ದುಡಿಸುವವರಿಗೆ ದೊಡ್ಡ ಕೂಲರ್ ಬೇಕು, ಒಪ್ಪುತ್ತೇನೆ. ಲೈಟ್ ನೋಡಿ ಖುಷಿಪಡುವುದೂ ತಪ್ಪಲ್ಲ. ಆದರೆ ಲೈಟನ್ನು ಮುಂದಿನ ವರ್ಷವೂ ಕೊಳ್ಳಬಹುದು. ಕಳೆದುಹೋದ ಮೇಲೆ ಪ್ರತಿ ಮಾಡಲಾಗದು. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ. 40 ಸವಕಳಿ. ನನ್ನ 40,000 ಮೂರು ವರ್ಷದಲ್ಲಿ 8,640 ಆಗುತ್ತದೆ. ಒಳಗಿರುವ ಫೋಟೊ, ದನಿಗಳಿಗೆ ಅಂಥ ಲೆಕ್ಕವಿಲ್ಲ. ಇದ್ದರೆ ಪೂರ್ತಿ ಇರುತ್ತವೆ, ಹೋದರೆ ಸೊನ್ನೆ.

ಫುಪ್ಪಿಯ ಹಳೆಯ ಫೋನಿನಲ್ಲಿ ದಾದಾ ಕಳಿಸಿದ್ದ 40 ಸೆಕೆಂಡಿನ ಒಂದು ವಾಯ್ಸ್ ಮೆಸೇಜ್ ಸಿಕ್ಕಿತು. ಕಥೆಯಲ್ಲ, ಮೀನು ತರಲು ಹೇಳಿದ್ದು. ಅದು ಈಗ ನನ್ನ ಎಸ್‌ಎಸ್‌ಡಿಯಲ್ಲಿದೆ, ಹಾರ್ಡ್ ಡಿಸ್ಕಿನಲ್ಲಿದೆ, ಗೂಗಲ್ ಡ್ರೈವ್‌ನಲ್ಲೂ ಇದೆ. ಅಲ್ಲಿ 15 ಜಿಬಿ ಉಚಿತ. ಹೊಸ ಕಂಪ್ಯೂಟರ್ ಕೊಳ್ಳದವರೂ ಇಷ್ಟನ್ನು ಇವತ್ತೇ ಮಾಡಬಹುದು.