ಇಂಗ್ಲಿಷಿನ ಹ್ರಸ್ವರೂಪಗಳು: ತಾತ್ಸಾರವೇಕೆ?

ಬರೆಯುವ ನುಡಿಗೂ ಆಡುವ ನುಡಿಗೂ ಅಂತರವಿಲ್ಲದ ಭಾಷೆ ಲೋಕದಲ್ಲಿ ದುರ್ಲಭ. ನಾವು ‘ಬರುತ್ತೇನೆ’ ಎಂದು ಬರೆಯುತ್ತೇವೆ, ‘ಬರ್ತೀನಿ’ ಎಂದು ಆಡುತ್ತೇವೆ. ಇದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ‘ಡು ನಾಟ್’ ಎಂಬುದು ‘ಡೋಂಟ್’ ಎಂದೂ, ‘ಐ ಆಮ್’ ಎಂಬುದು ‘ಐಮ್’ ಎಂದೂ ಹ್ರಸ್ವಗೊಂಡರೆ, ಅದು ಅಶಿಸ್ತಿನ ನುಡಿಯೆಂಬ ಭಾವನೆ ನಮ್ಮ ಅನೇಕ ತರಗತಿಗಳಲ್ಲಿ ಇನ್ನೂ ಉಳಿದಿದೆ. ಈ ಭಾವನೆಯನ್ನು ನಾವು ತಿದ್ದಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಈ ತಾತ್ಸಾರ ಇಂಗ್ಲೆಂಡಿನಲ್ಲಿಯೂ ಇದ್ದಿತು. 1710ರಲ್ಲಿ ಜೊನಾಥನ್ ಸ್ವಿಫ್ಟ್ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಇಂಥ ರೂಪಗಳನ್ನು ಹಳಿದನು. ಮರುವರ್ಷ ಜೋಸೆಫ್ ಅಡಿಸನ್ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಅದೇ ಅಸಮಾಧಾನವನ್ನು ತೋಡಿಕೊಂಡನು. ಆದರೂ ಅವರು ಹಳಿದ ‘ಕಾಂಟ್’ ಮುಂತಾದ ರೂಪಗಳು ಇಂದಿಗೂ ಜನರ ನಾಲಗೆಯ ಮೇಲಿವೆ. ಈ ರೂಪಗಳು ಮನಬಂದಂತೆ ಹುಟ್ಟಿದವುಗಳಲ್ಲ. ‘ವಿಲ್’ ಎಂಬುದಕ್ಕೆ ಹಿಂದೆ ‘ವೋಲ್’ ಎಂಬ ಇನ್ನೊಂದು ರೂಪವಿದ್ದುದರಿಂದಲೇ ‘ವೋಂಟ್’ ಎಂಬುದು ಬಂದಿತು. ‘ಮಾತು’, ‘ಇಲ್ಲ’ ಎಂಬ ಪದಗಳು ಕೂಡಿ ‘ಮಾತಿಲ್ಲ’ ಆಗುವ ಲೋಪಸಂಧಿಯನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಇದು ತೀರ ಅಪರಿಚಿತವೇನಲ್ಲ. ಇಂಗ್ಲಿಷಿನವರು ಲೋಪವಾದ ಸ್ಥಳದಲ್ಲಿ ಒಂದು ಚಿಹ್ನೆಯನ್ನು ಇಡುತ್ತಾರೆ, ಅಷ್ಟೆ.

ಇದನ್ನು ಕಲಿಸದಿರುವುದರಿಂದ ಆಗುವ ನಷ್ಟ ಸಣ್ಣದಲ್ಲ. ‘ಐ ಡು ನಾಟ್ ನೋ’ ಎಂದು ಪ್ರತಿಯೊಂದು ಪದವನ್ನೂ ಬಿಡಿಬಿಡಿಯಾಗಿ ಒತ್ತಿ ನುಡಿದರೆ, ಅದು ನಿಷ್ಠುರದ ಮಾತಾಗಿ, ಕೆಲವೊಮ್ಮೆ ಸಿಟ್ಟಿನ ಮಾತಾಗಿಯೂ ಕೇಳಿಸಬಹುದು. ವಿನಯವನ್ನೇ ಮೈಗೂಡಿಸಿಕೊಂಡು ಹೊರಟ ನಮ್ಮ ವಿದ್ಯಾರ್ಥಿ ಸಂದರ್ಶನದಲ್ಲಿ ಉದ್ಧಟನೆನಿಸಿಕೊಂಡರೆ ಅದು ಯಾರ ತಪ್ಪು? ಕೇಳುವಾಗಲೂ ತೊಡಕುಂಟು. ವೇಗದ ಮಾತಿನಲ್ಲಿ ‘ಕಾಂಟ್’ ಎಂಬುದರ ಕೊನೆಯ ಧ್ವನಿ ಕ್ಷೀಣವಾಗಿ, ನಿರಾಕರಣೆಯೇ ಒಪ್ಪಿಗೆಯಾಗಿ ಕೇಳಿಸುವುದುಂಟು. ಕಿವಿಗೆ ಅಭ್ಯಾಸವಿಲ್ಲದವನು ದೂರವಾಣಿಯಲ್ಲಿ ವ್ಯವಹರಿಸುವುದಾದರೂ ಹೇಗೆ?

ಹಾಗೆಂದು ಎಲ್ಲೆಡೆಯೂ ಹ್ರಸ್ವರೂಪಗಳನ್ನೇ ಬಳಸಬೇಕೆಂದು ನಾನು ಹೇಳುತ್ತಿಲ್ಲ. ಅರ್ಜಿ, ಕರಾರುಪತ್ರ, ಪರೀಕ್ಷೆಯ ಪ್ರಬಂಧಗಳಲ್ಲಿ ಪೂರ್ಣರೂಪವೇ ಯೋಗ್ಯ. ಮಾತಿನಲ್ಲಿಯೂ ಕಟ್ಟಳೆಗಳಿವೆ. ‘ಯೆಸ್, ಐ ಆಮ್’ ಎಂಬ ಉತ್ತರವನ್ನು ‘ಯೆಸ್, ಐಮ್’ ಎಂದು ಮೊಟಕುಗೊಳಿಸುವಂತಿಲ್ಲ. ‘ಹೀಸ್’ ಎಂಬುದು ‘ಹೀ ಈಸ್’ ಆಗಿರಬಹುದು, ‘ಹೀ ಹ್ಯಾಸ್’ ಕೂಡ ಆಗಿರಬಹುದು, ಸಂದರ್ಭದಿಂದಲೇ ತಿಳಿಯಬೇಕು. ‘ಅದರ’ ಎಂಬರ್ಥದ ‘ಇಟ್ಸ್’ ಪದಕ್ಕೆ ಲೋಪಚಿಹ್ನೆಯಿಲ್ಲ. ‘ಇಟ್ ಈಸ್’ ಎಂಬುದರ ಹ್ರಸ್ವರೂಪಕ್ಕೆ ಮಾತ್ರ ಅದು ಉಂಟು. ಇವೆಲ್ಲ ತಾನಾಗಿ ಬರುವ ವಿಷಯಗಳಲ್ಲ, ಗುರುಗಳು ಕಲಿಸಬೇಕಾದವು.

ಹನ್ನೆರಡನೆಯ ಶತಮಾನದ ಶರಣರು ಜನರ ಆಡುನುಡಿಯಲ್ಲಿಯೇ ಅನುಭಾವವನ್ನು ನುಡಿದರು. ಆ ಪರಂಪರೆಯಲ್ಲಿ ಬೆಳೆದ ವಿದ್ಯಾಸಂಸ್ಥೆ ಯಾವ ಭಾಷೆಯ ಆಡುಮಾತನ್ನೂ ಕೀಳಾಗಿ ಕಾಣಬಾರದು. ವಾರದಲ್ಲಿ ಒಂದು ಅವಧಿಯನ್ನಾದರೂ ಇಂಗ್ಲಿಷ್ ಸಂಭಾಷಣೆಯನ್ನು ಕೇಳಲು ಮತ್ತು ಆಡಲು ಮೀಸಲಿಟ್ಟರೆ, ಗ್ರಾಮಗಳಿಂದ ಬಂದ ನಮ್ಮ ಮಕ್ಕಳಿಗೆ ಅದೊಂದು ದೊಡ್ಡ ಉಪಕಾರವಾದೀತು. ಗುರುವೃಂದವು ಈ ಬಗ್ಗೆ ಆಲೋಚಿಸಬೇಕೆಂದು ವಿನಂತಿಸುತ್ತೇನೆ.